ವಿಶ್ವಾಸಕ್ಕೆ ಸುಳ್ಳು ಸಾಕ್ಷಿ ಬೇಕೇ?

ಪವಿತ್ರ ಕುರ್‌ಆನ್ ಮನುಷ್ಯನ ದೃಷ್ಟಿಯನ್ನು ಮತ್ತೆ ಮತ್ತೆ ಆಕಾಶದ ಕಡೆಗೆ ತಿರುಗಿಸುತ್ತದೆ. ಒಂದು ನೋಟ ಸಾಲದು, ಇನ್ನೊಮ್ಮೆ ನೋಡಬೇಕು ಎಂಬ ಕರೆ ಅಲ್ ಮುಲ್ಕ್ ಅಧ್ಯಾಯದಲ್ಲಿದೆ. ಆಲಿ ಇಮ್ರಾನ್ ಅಧ್ಯಾಯವು ದೇವಸ್ಮರಣೆಯನ್ನೂ ಸೃಷ್ಟಿಯ ಬಗೆಗಿನ ಚಿಂತನೆಯನ್ನೂ ಒಂದೇ ಉಸಿರಿನಲ್ಲಿ ಹೊಗಳುತ್ತದೆ. ಹೀಗಿರುವಾಗ ಆಕಾಶವನ್ನು ಕುರಿತ ಯಾವ ಹೊಸ ತಿಳುವಳಿಕೆಯೂ ಸತ್ಯವಿಶ್ವಾಸಿಗೆ ಪರಕೀಯವಾಗಲಾರದು.

ನಮ್ಮ ಕಾಲದ ಮನುಷ್ಯನಿಗೆ ಹಿಂದಿನ ಯಾವ ತಲೆಮಾರಿಗೂ ಸಿಗದ ಕಣ್ಣುಗಳು ದೊರೆತಿವೆ. ಭೂಮಿಯ ವಾತಾವರಣದ ಆಚೆಗೆ ಹೋಗಿ ನಿಂತ ದೂರದರ್ಶಕಗಳೇ ಆ ಕಣ್ಣುಗಳು. ಅವು ಕಂಡದ್ದೇನು ಎಂಬುದು ವಿಜ್ಞಾನದ ಪ್ರಶ್ನೆ. ಅವು ಕಂಡದ್ದನ್ನು ನಾವು ಹೇಗೆ ಬಳಸುತ್ತಿದ್ದೇವೆ ಎಂಬುದು ನೈತಿಕತೆಯ ಪ್ರಶ್ನೆ. ಮೊದಲನೆಯದಕ್ಕೆ ವಿಜ್ಞಾನಿಗಳು ಉತ್ತರಿಸುತ್ತಾರೆ. ಎರಡನೆಯದಕ್ಕೆ ನಾವೇ ಉತ್ತರಿಸಬೇಕು, ಇಲ್ಲಿಯೂ, ನಾಳೆ ಪರಲೋಕದಲ್ಲಿಯೂ.

ಕತ್ತಲೆಯಲ್ಲಿ ಕಂಡ ಬೆಳಕು

ಭೂಮಿಯ ಮೇಲಿನ ದೂರದರ್ಶಕ ಎಷ್ಟೇ ದೊಡ್ಡದಾಗಿರಲಿ, ಅದು ಗಾಳಿಯ ಕಡಲಿನ ತಳದಲ್ಲಿ ಕುಳಿತು ಮೇಲೆ ನೋಡಬೇಕಾಗುತ್ತದೆ. ಗಾಳಿಯ ಚಲನೆಯಿಂದ ನಕ್ಷತ್ರಗಳ ಬೆಳಕು ಅಲುಗಾಡುತ್ತದೆ. ನೇರಳಾತೀತ ಕಿರಣಗಳನ್ನೂ ಅತಿಗೆಂಪು ಕಿರಣಗಳ ಬಹುಪಾಲನ್ನೂ ವಾತಾವರಣವೇ ಹೀರಿಕೊಳ್ಳುತ್ತದೆ. ಈ ತೆರೆಯನ್ನು ದಾಟುವುದಕ್ಕಾಗಿ 1990ರ ಏಪ್ರಿಲ್ 24ರಂದು ಹಬಲ್ ದೂರದರ್ಶಕವನ್ನು ಡಿಸ್ಕವರಿ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಒಯ್ಯಲಾಯಿತು. ಅದರ ಮುಖ್ಯ ಕನ್ನಡಿಯ ಅಗಲ 2.4 ಮೀಟರ್.

1995ರ ಡಿಸೆಂಬರ್ ತಿಂಗಳಲ್ಲಿ ಹಬಲ್ ಸಂಸ್ಥೆಯ ಅಂದಿನ ನಿರ್ದೇಶಕ ರಾಬರ್ಟ್ ವಿಲಿಯಮ್ಸ್ ಒಂದು ವಿಚಿತ್ರ ಪ್ರಯೋಗಕ್ಕೆ ಕೈಹಾಕಿದರು. ಸಪ್ತರ್ಷಿ ಮಂಡಲದ ಬಳಿ ಹೆಚ್ಚುಕಡಿಮೆ ಖಾಲಿಯೆಂದು ತೋರುವ ಒಂದು ಚೂರು ಆಕಾಶವನ್ನು ಆರಿಸಿ, ಹತ್ತು ದಿನಗಳ ಕಾಲ ದೂರದರ್ಶಕವನ್ನು ಅಲ್ಲಿಗೇ ತಿರುಗಿಸಿ ನಿಲ್ಲಿಸಿದರು. ಆ ಚೂರು ಎಷ್ಟು ಚಿಕ್ಕದೆಂದರೆ, ನೂರು ಮೀಟರ್ ದೂರದಲ್ಲಿಟ್ಟ ಒಂದು ಟೆನಿಸ್ ಚೆಂಡು ಅದನ್ನು ಮುಚ್ಚಿಬಿಡಬಲ್ಲದು. ಅಷ್ಟು ಬೆಲೆಬಾಳುವ ಸಮಯವನ್ನು ಬರಿಯ ಕತ್ತಲೆಗೆ ಸುರಿಯಬೇಕೇ ಎಂದು ಸಂದೇಹಪಟ್ಟವರಿದ್ದರು. ಆದರೆ ಚಿತ್ರ ಸಿದ್ಧವಾದಾಗ ಆ ಚೂರಿನಲ್ಲಿ ಸುಮಾರು 3000 ಗ್ಯಾಲಕ್ಸಿಗಳು ಕಂಡುಬಂದವು. ಒಂದೊಂದು ಗ್ಯಾಲಕ್ಸಿಯೂ ಕೋಟಿಗಟ್ಟಲೆ ನಕ್ಷತ್ರಗಳ ಮಹಾಸಮೂಹ!

2021ರ ಡಿಸೆಂಬರ್ 25ರಂದು ಜೇಮ್ಸ್ ವೆಬ್ ದೂರದರ್ಶಕ ಹೊರಟಿತು. ಚಿನ್ನದ ಲೇಪವಿರುವ 18 ಷಟ್ಕೋನ ತುಣುಕುಗಳಿಂದಾದ ಅದರ ಕನ್ನಡಿ ಆರೂವರೆ ಮೀಟರ್ ಅಗಲವಿದೆ. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಟೆನಿಸ್ ಅಂಗಳದಷ್ಟು ವಿಸ್ತಾರವಾದ ಐದು ಪದರಗಳ ಕೊಡೆಯ ನೆರಳಿನಲ್ಲಿ ಅದು ಕೆಲಸ ಮಾಡುತ್ತಿದೆ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ಹೀಗಿದ್ದರೂ ದೂರದ ಗ್ಯಾಲಕ್ಸಿಗಳ ಬೆಳಕು ನಮ್ಮನ್ನು ತಲುಪಲು ನೂರಾರು ಕೋಟಿ ವರ್ಷಗಳು ಬೇಕು. ಅಂದರೆ ದೂರ ನೋಡುವುದೆಂದರೆ ಹಿಂದಿನ ಕಾಲವನ್ನು ನೋಡುವುದೆಂದೇ ಅರ್ಥ. ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷಗಳಾಗಿವೆ ಎಂಬುದು ಇಂದಿನ ಲೆಕ್ಕ. ಅದು ಆರಂಭವಾಗಿ 30 ಕೋಟಿ ವರ್ಷಗಳೂ ತುಂಬದಿದ್ದ ಕಾಲದ ಗ್ಯಾಲಕ್ಸಿಗಳನ್ನು ವೆಬ್ ಗುರುತಿಸಿದೆ.

ಇದನ್ನು ತಿಳಿದಾಗ ಯಾವ ಹೃದಯ ತಾನೇ ಕಂಪಿಸದು? ಸುಬ್‌ಹಾನಲ್ಲಾಹ್ ಎಂಬ ಪದ ತಾನಾಗಿಯೇ ನಾಲಿಗೆಗೆ ಬರುತ್ತದೆ. ಇಲ್ಲಿಯವರೆಗೆ ಎಲ್ಲವೂ ಸರಿ. ತೊಡಕು ಆರಂಭವಾಗುವುದು ಇದರ ನಂತರ.

ಚಿತ್ರದ ಕೆಳಗೆ ನಾವು ಬರೆಯುವ ಮಾತು

1999ರ ಅಕ್ಟೋಬರ್ 31ರಂದು ನಾಸಾ ತನ್ನ ದಿನಕ್ಕೊಂದು ಖಗೋಳ ಚಿತ್ರದ ಸರಣಿಯಲ್ಲಿ ಬೆಕ್ಕಿನ ಕಣ್ಣು ಎಂಬ ಹೆಸರಿನ ನೀಹಾರಿಕೆಯ ಚಿತ್ರವನ್ನು ಪ್ರಕಟಿಸಿತು. ಅದು ಹಬಲ್ ತೆಗೆದ ಚಿತ್ರ. ಸಾವಿನ ಹಂತ ತಲುಪಿದ ಒಂದು ನಕ್ಷತ್ರ ತನ್ನ ಹೊರಪದರಗಳನ್ನು ಉಗುಳುತ್ತಿರುವ ನೋಟವದು. ಸ್ವಲ್ಪ ಕಾಲದಲ್ಲೇ ಆ ಚಿತ್ರ ಬೇರೊಂದು ಶೀರ್ಷಿಕೆಯನ್ನು ಹೊತ್ತು ಮುಸ್ಲಿಮರ ನಡುವೆ ಸುತ್ತಾಡತೊಡಗಿತು. ಅರ್‌ರಹ್ಮಾನ್ ಅಧ್ಯಾಯದಲ್ಲಿ ಆಕಾಶವನ್ನು ಗುಲಾಬಿಗೆ ಹೋಲಿಸಿದ ಮಾತು ಇದೇ, ಕೊನೆಗೂ ವಿಜ್ಞಾನ ಅದನ್ನು ಕಂಡುಹಿಡಿಯಿತು ಎಂಬುದು ಆ ಶೀರ್ಷಿಕೆ.

ಆ ಸೂಕ್ತವನ್ನು ಅದರ ಹಿಂದುಮುಂದಿನ ಸೂಕ್ತಗಳೊಂದಿಗೆ ಓದಿದವರಿಗೆ ವಿಷಯ ಸ್ಪಷ್ಟವಿದೆ. ಅಲ್ಲಿರುವುದು ಲೋಕಾಂತ್ಯ ದಿನದ ವರ್ಣನೆ. ಆಕಾಶ ಸೀಳಿಹೋಗುವ ಆ ಭಯಂಕರ ದಿನದ ಎಚ್ಚರಿಕೆಯನ್ನು ಸುಮಾರು 3000 ಜ್ಯೋತಿರ್ವರ್ಷ ದೂರದಲ್ಲಿರುವ ಒಂದು ನಕ್ಷತ್ರದ ಅನಿಲಕ್ಕೆ ಇಳಿಸಿದರೆ ಎಚ್ಚರಿಕೆಯ ಮೊನೆಯೇ ಮುರಿದುಹೋಗುತ್ತದೆ. ಚಿತ್ರದ ಬಣ್ಣಗಳ ವಿಷಯವೂ ಹಾಗೆಯೇ. ಜಲಜನಕ, ಆಮ್ಲಜನಕ, ಸಾರಜನಕಗಳನ್ನು ಬೇರೆಬೇರೆಯಾಗಿ ಗುರುತಿಸಲೆಂದು ವಿಜ್ಞಾನಿಗಳೇ ಆರಿಸಿ ಕೊಟ್ಟ ಬಣ್ಣಗಳವು. ಬೇರೆ ಬಣ್ಣ ಕೊಟ್ಟಿದ್ದರೆ ಗುಲಾಬಿಯೇ ಇರುತ್ತಿರಲಿಲ್ಲ.

ಇದಕ್ಕಿಂತ ಹಳೆಯದು ನೀಲ್ ಆರ್ಮ್‌ಸ್ಟ್ರಾಂಗ್‌ರ ಕಥೆ. ಚಂದ್ರನ ಮೇಲೆ ಅವರಿಗೆ ಅಝಾನ್ ಕೇಳಿಸಿತು, ಬಳಿಕ ಅವರು ಇಸ್ಲಾಮ್ ಸ್ವೀಕರಿಸಿದರು ಎಂಬ ಸುದ್ದಿ ಇಂಡೋನೇಷ್ಯಾದಿಂದ ಈಜಿಪ್ಟಿನವರೆಗೆ ಹರಡಿತ್ತು. ಚಂದ್ರನಲ್ಲಿ ಶಬ್ದವನ್ನು ಹೊತ್ತು ತರಲು ಗಾಳಿಯೇ ಇಲ್ಲ ಎಂಬುದನ್ನು ಹೈಸ್ಕೂಲಿನ ಮಕ್ಕಳೂ ಬಲ್ಲರು. ಕೊನೆಗೆ 1983ರಲ್ಲಿ, ಆರ್ಮ್‌ಸ್ಟ್ರಾಂಗ್‌ರ ಪರವಾಗಿ ಅಮೆರಿಕದ ವಿದೇಶಾಂಗ ಇಲಾಖೆಯು ಮುಸ್ಲಿಮ್ ದೇಶಗಳಲ್ಲಿನ ತನ್ನ ರಾಯಭಾರಿ ಕಚೇರಿಗಳಿಗೆ ಆ ಸುದ್ದಿ ನಿಜವಲ್ಲವೆಂದು ತಿಳಿಸಬೇಕಾಯಿತು. ಯಾರನ್ನೂ ನೋಯಿಸುವ ಉದ್ದೇಶವಿಲ್ಲ ಎಂದೂ ಅವರು ವಿನಯದಿಂದ ಹೇಳಿಸಿದ್ದರು. ಹೀಗಿದ್ದೂ ಆ ಕಥೆ ಸಾಯಲಿಲ್ಲ. ಅಂದು ಭಾಷಣಗಳಲ್ಲಿ ಕೇಳಿಸುತ್ತಿದ್ದುದು ಇಂದು ಮೊಬೈಲಿನಲ್ಲಿ ಬರುತ್ತಿದೆ.

ಇಂತಹ ಸುದ್ದಿಗಳನ್ನು ಹರಡುವವರ ಉದ್ದೇಶ ಕೆಟ್ಟದ್ದೆಂದು ಹೇಳಲಾಗದು. ಅಲ್ಲಾಹನ ಗ್ರಂಥದ ಮೇಲಿನ ಪ್ರೀತಿಯೇ ಅವರಿಂದ ಇದನ್ನು ಮಾಡಿಸುತ್ತದೆ. ನಾಲ್ಕು ಜನರಿಗೆ ಸನ್ಮಾರ್ಗ ಸಿಕ್ಕಿದರೆ ಸಿಗಲಿ, ನಷ್ಟವೇನು ಎಂದು ಅವರು ಕೇಳುತ್ತಾರೆ. ಪ್ರಶ್ನೆ ಸಹಜವಾದುದೇ. ಆದರೆ ಅದಕ್ಕೆ ಉತ್ತರ ಸಾವಿರದ ನಾನ್ನೂರು ವರ್ಷಗಳ ಹಿಂದೆಯೇ ಮದೀನಾದಲ್ಲಿ ದೊರೆತಿದೆ.

ಮದೀನಾದ ಗ್ರಹಣ

ಹಿಜರಿ 10ನೆಯ ವರ್ಷದಲ್ಲಿ ಪ್ರವಾದಿ ಮುಹಮ್ಮದ್(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡರು. ಆಗ ಮಗುವಿಗೆ ಸುಮಾರು ಒಂದೂವರೆ ವರ್ಷ. ಪ್ರವಾದಿ(ಸ)ರ ಕಣ್ಣುಗಳಲ್ಲಿ ನೀರು ತುಂಬಿತ್ತೆಂದು ಹದೀಸ್‌ಗಳಲ್ಲಿದೆ. ಅದೇ ದಿನ ಸೂರ್ಯನಿಗೆ ಗ್ರಹಣ ಹಿಡಿಯಿತು. ಹಗಲಿನ ಬೆಳಕು ಮಂಕಾಯಿತು. ಪ್ರವಾದಿಪುತ್ರನ ಮರಣಕ್ಕಾಗಿ ಸೂರ್ಯನೇ ಶೋಕಿಸುತ್ತಿದ್ದಾನೆ ಎಂದು ಜನರು ಮಾತನಾಡಿಕೊಂಡರು.

ಆ ಸಂದರ್ಭವನ್ನು ಸ್ವಲ್ಪ ಯೋಚಿಸಿ ನೋಡಿರಿ. ಈ ಮಾತನ್ನು ಪ್ರವಾದಿ(ಸ)ರು ಹುಟ್ಟುಹಾಕಿರಲಿಲ್ಲ. ಅದು ಜನರ ಬಾಯಲ್ಲಿ ತಾನಾಗಿಯೇ ಹುಟ್ಟಿತ್ತು. ಅವರು ಸುಮ್ಮನಿದ್ದಿದ್ದರೆ ಸಾಕಿತ್ತು. ಇಡೀ ಅರೇಬಿಯಾದಲ್ಲಿ ಅದೊಂದು ಮಹಾ ಪವಾಡವಾಗಿ ಹರಡುತ್ತಿತ್ತು. ಆಕಾಶವೇ ಅವರ ಪರವಾಗಿ ಸಾಕ್ಷಿ ಹೇಳಿದಂತೆ ಕಾಣುತ್ತಿತ್ತು. ಮಗನನ್ನು ಕಳೆದುಕೊಂಡ ತಂದೆಯ ಮನಸ್ಸಿಗೆ ಅದರಿಂದ ಒಂದಿಷ್ಟು ಸಮಾಧಾನವೂ ಸಿಗಬಹುದಿತ್ತು.

ಆದರೆ ಅವರು ಮೌನವಾಗಿರಲಿಲ್ಲ. ಜನರನ್ನು ಸೇರಿಸಿ ದೀರ್ಘವಾದ ಗ್ರಹಣ ನಮಾಝ್ ನಿರ್ವಹಿಸಿದರು. ಅನಂತರ ಎದ್ದು ನಿಂತು, ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳೆಂದೂ ಯಾರೊಬ್ಬರ ಹುಟ್ಟಿಗಾಗಲಿ ಸಾವಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲವೆಂದೂ ಜನರಿಗೆ ತಿಳಿಯಪಡಿಸಿದರು. ಈ ಘಟನೆ ಸಹೀಹ್ ಬುಖಾರಿಯಲ್ಲಿ ದಾಖಲಾಗಿದೆ.

ನಾಲ್ಕು ಜನರಿಗೆ ಸನ್ಮಾರ್ಗ ಸಿಕ್ಕಿದರೆ ನಷ್ಟವೇನು ಎಂಬ ಪ್ರಶ್ನೆಗೆ ಇದೇ ಉತ್ತರ. ತಮ್ಮ ಪ್ರವಾದಿತ್ವಕ್ಕೆ ಬಲ ಕೊಡುವಂತೆ ಕಂಡ ಒಂದು ತಪ್ಪು ಕಲ್ಪನೆಯನ್ನು ಅವರು ದುಃಖದ ಆ ಗಳಿಗೆಯಲ್ಲಿಯೂ ಉಳಿಯಗೊಡಲಿಲ್ಲ. ಸತ್ಯಧರ್ಮಕ್ಕೆ ಸುಳ್ಳಿನ ಊರುಗೋಲು ಬೇಡ. ಅವರು ಬೇಡವೆಂದು ಎಸೆದ ಊರುಗೋಲನ್ನು ಅವರ ಅನುಯಾಯಿಗಳೆನ್ನುವ ನಾವು ಹೆಕ್ಕಿ ತರುವುದು ಸರಿಯೇ?

ಅಸ್ತಮಿಸುವುದಕ್ಕೆ ಕಟ್ಟಿದ ವಿಶ್ವಾಸ

ಕೆಲವರು ಹೀಗೆ ವಾದಿಸಬಹುದು: ಗಾಳಿಸುದ್ದಿಯನ್ನು ಬಿಡೋಣ, ಆದರೆ ವಿಜ್ಞಾನಿಗಳೇ ಒಪ್ಪಿದ ಸಿದ್ಧಾಂತವನ್ನು ಕುರ್‌ಆನ್‌ಗೆ ಪುರಾವೆಯಾಗಿ ಬಳಸಬಹುದಲ್ಲವೇ? ಉದಾಹರಣೆಗೆ, ವಿಶ್ವ ವಿಸ್ತರಿಸುತ್ತಿದೆ ಎಂಬ ಸಿದ್ಧಾಂತವನ್ನು ಅದ್ದಾರಿಯಾತ್ ಅಧ್ಯಾಯದ ಒಂದು ಸೂಕ್ತದೊಂದಿಗೆ ಜೋಡಿಸುವವರು ಅನೇಕರಿದ್ದಾರೆ.

ಹಾಗಾದರೆ ಕಳೆದ ನೂರು ವರ್ಷಗಳ ಇತಿಹಾಸವನ್ನೊಮ್ಮೆ ನೋಡೋಣ. 1917ರಲ್ಲಿ ಐನ್‌ಸ್ಟೈನ್ ವಿಶ್ವ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ ಎಂದು ಭಾವಿಸಿ ತಮ್ಮ ಸಮೀಕರಣದಲ್ಲಿ ಒಂದು ಹೆಚ್ಚುವರಿ ಅಂಶವನ್ನು ಸೇರಿಸಿದರು. 1929ರಲ್ಲಿ ಎಡ್ವಿನ್ ಹಬಲ್ ಗ್ಯಾಲಕ್ಸಿಗಳು ದೂರವಿದ್ದಷ್ಟೂ ಹೆಚ್ಚು ವೇಗವಾಗಿ ನಮ್ಮಿಂದ ಸರಿಯುತ್ತಿವೆ ಎಂದು ತೋರಿಸಿದರು. ಗುರುತ್ವದ ಸೆಳೆತದಿಂದ ಈ ವಿಸ್ತರಣೆ ಕ್ರಮೇಣ ನಿಧಾನವಾಗುತ್ತಿರಬೇಕು ಎಂದು ನಂತರದ ದಶಕಗಳಲ್ಲಿ ಎಣಿಸಲಾಗಿತ್ತು. 1998ರಲ್ಲಿ ಎರಡು ತಂಡಗಳು, ಅದು ನಿಧಾನವಾಗುತ್ತಿಲ್ಲ, ಇನ್ನಷ್ಟು ವೇಗ ಪಡೆಯುತ್ತಿದೆ ಎಂದವು. ಈ ಶೋಧಕ್ಕೆ 2011ರಲ್ಲಿ ನೊಬೆಲ್ ಬಹುಮಾನ ಬಂತು. ವಿಸ್ತರಣೆಯ ಈಗಿನ ವೇಗವೆಷ್ಟು ಎಂಬುದರಲ್ಲಿಯೂ ಏಕಾಭಿಪ್ರಾಯವಿಲ್ಲ. ಯುರೋಪಿನ ಪ್ಲಾಂಕ್ ದೂರದರ್ಶಕದ ಅಳತೆಯಿಂದ ಸುಮಾರು 67 ಎಂಬ ಸಂಖ್ಯೆ ಬಂದರೆ, ಹಬಲ್‌ನ ಅಳತೆಯಿಂದ ಸುಮಾರು 73 ಎಂಬ ಸಂಖ್ಯೆ ಬರುತ್ತದೆ. ಆದಿಕಾಲದಲ್ಲಿ ಅಷ್ಟೊಂದು ಪ್ರಕಾಶಮಾನವಾದ ಗ್ಯಾಲಕ್ಸಿಗಳು ಹೇಗೆ ಹುಟ್ಟಿದವು ಎಂಬ ಹೊಸ ಪ್ರಶ್ನೆಯನ್ನು ವೆಬ್ ಎತ್ತಿದೆ.

ವಿಜ್ಞಾನ ಬೆಳೆಯುವುದೇ ಹೀಗೆ. ತನ್ನನ್ನು ತಿದ್ದಿಕೊಳ್ಳುತ್ತಾ ಸಾಗುವುದು ಅದರ ದೌರ್ಬಲ್ಯವಲ್ಲ, ಅದೇ ಅದರ ಬಲ. ಆದರೆ ಹೀಗೆ ಸಾಗುತ್ತಿರುವ ಬಂಡಿಗೆ ನಿತ್ಯವಾದ ಸತ್ಯವನ್ನು ಕಟ್ಟಿದರೆ, ಬಂಡಿ ತಿರುಗಿದಾಗಲೆಲ್ಲಾ ನಾವು ಸೂಕ್ತದ ಅರ್ಥವನ್ನೂ ತಿರುಗಿಸಬೇಕಾಗುತ್ತದೆ. ಪ್ರವಾದಿ ಇಬ್ರಾಹೀಮ್(ಅ)ರು ನಕ್ಷತ್ರ, ಚಂದ್ರ, ಸೂರ್ಯರನ್ನು ನೋಡಿ, ಅಸ್ತಮಿಸುವುದು ತನಗೆ ಪ್ರಭುವಾಗಲಾರದೆಂದು ಮುಖ ತಿರುಗಿಸಿದ ಪ್ರಸಂಗ ಅಲ್ ಅನ್‌ಆಮ್ ಅಧ್ಯಾಯದಲ್ಲಿದೆ. ಸಿದ್ಧಾಂತಗಳೂ ಉದಯಿಸುತ್ತವೆ, ಅಸ್ತಮಿಸುತ್ತವೆ. ಅವುಗಳಿಂದ ಕಲಿಯೋಣ. ಆದರೆ ವಿಶ್ವಾಸದ ಅಡಿಪಾಯವನ್ನು ಅವುಗಳ ಮೇಲೆ ಹಾಕದಿರೋಣ.

ತಪ್ಪನ್ನು ಒಪ್ಪಿಕೊಂಡ ಕನ್ನಡಿ

ದೂರದರ್ಶಕಗಳಿಂದ ನಾವು ಕಲಿಯಬೇಕಾದ ಇನ್ನೊಂದು ಪಾಠವಿದೆ. ಅದು ಅವುಗಳ ಚಿತ್ರಗಳಿಗಿಂತ ಅವುಗಳನ್ನು ಬಳಸುವವರ ನಡವಳಿಕೆಯಲ್ಲಿದೆ.

1990ರಲ್ಲಿ ಹಬಲ್ ಕಳಿಸಿದ ಮೊದಲ ಚಿತ್ರಗಳು ಮಸುಕಾಗಿದ್ದವು. ವಿಚಾರಣೆ ನಡೆಯಿತು. ಕನ್ನಡಿಯ ಅಂಚು ಇರಬೇಕಾದುದಕ್ಕಿಂತ ಸುಮಾರು 2.2 ಮೈಕ್ರಾನ್‌ನಷ್ಟು, ಅಂದರೆ ಒಂದು ಕೂದಲಿನ ದಪ್ಪದ ಸುಮಾರು ಐವತ್ತನೆಯ ಒಂದು ಪಾಲಿನಷ್ಟು, ಚಪ್ಪಟೆಯಾಗಿತ್ತು. ಕನ್ನಡಿಯನ್ನು ಪರೀಕ್ಷಿಸುವ ಉಪಕರಣದಲ್ಲಿ ಒಂದು ಮಸೂರ 1.3 ಮಿಲಿಮೀಟರ್ ಆಚೀಚೆಯಾದುದೇ ಇದಕ್ಕೆ ಕಾರಣ. ಗಮನಿಸಬೇಕಾದ ಸಂಗತಿಯೆಂದರೆ, ಬೇರೆ ಎರಡು ಪರೀಕ್ಷೆಗಳು ದೋಷವನ್ನು ಮೊದಲೇ ತೋರಿಸಿದ್ದವು. ಮೆಚ್ಚಿನ ಉಪಕರಣದ ಮೇಲಿನ ಅತಿ ನಂಬಿಕೆಯಿಂದ ಆ ಸಾಕ್ಷ್ಯವನ್ನು ಬದಿಗಿರಿಸಲಾಗಿತ್ತು. ವಿಚಾರಣಾ ವರದಿ ಇದೆಲ್ಲವನ್ನೂ ಲೋಕದ ಮುಂದಿಟ್ಟಿತು. ದೋಷ ಎಷ್ಟೆಂಬುದು ನಿಖರವಾಗಿ ತಿಳಿದುದರಿಂದಲೇ 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ ಅದನ್ನು ಸರಿಪಡಿಸಲು ಸಾಧ್ಯವಾಯಿತು. ಮಸುಕು ಚಿತ್ರಗಳನ್ನೇ ಅದ್ಭುತವೆಂದು ಹೊಗಳಿಕೊಂಡು ಕುಳಿತಿದ್ದರೆ ಆ 3000 ಗ್ಯಾಲಕ್ಸಿಗಳು ಇಂದಿಗೂ ಕತ್ತಲೆಯಲ್ಲಿಯೇ ಇರುತ್ತಿದ್ದವು.

ನಮ್ಮ ದೇಶದ ಒಂದು ಉದಾಹರಣೆಯೂ ಇದೆ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಆಸ್ಟ್ರೋಸ್ಯಾಟ್ ಎಂಬ ಬಾಹ್ಯಾಕಾಶ ವೀಕ್ಷಣಾಲಯವನ್ನು ಹಾರಿಸಿತು. ಅದರ ನೇರಳಾತೀತ ದೂರದರ್ಶಕವನ್ನು ಸಿದ್ಧಪಡಿಸುವುದರಲ್ಲಿ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಪಾತ್ರ ದೊಡ್ಡದು. 2016ರ ಅಕ್ಟೋಬರ್‌ನಲ್ಲಿ ಅದು 28 ಗಂಟೆಗಳಿಗೂ ಹೆಚ್ಚು ಕಾಲ ಒಂದೆಡೆಗೆ ನೋಡಿ, 930 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಗ್ಯಾಲಕ್ಸಿಯಿಂದ ಬಂದ ಅತಿ ಕ್ಷೀಣ ಕಿರಣಗಳನ್ನು ಹಿಡಿಯಿತು. ವಿಜ್ಞಾನಿಗಳು ಮರುದಿನವೇ ಡಂಗುರ ಸಾರಲಿಲ್ಲ. ಬೆಳಕು ನಿಜವಾಗಿಯೂ ಆ ಗ್ಯಾಲಕ್ಸಿಯದೇ ಎಂದು ಖಚಿತಪಡಿಸಿಕೊಳ್ಳಲು ಸುಮಾರು ಎರಡು ವರ್ಷ ಪರಿಶೀಲಿಸಿದರು. ಫಲಿತಾಂಶ ಪ್ರಕಟವಾದದ್ದು 2020ರಲ್ಲಿ.

ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂಬ ಆಜ್ಞೆ ಅಲ್ ಹುಜುರಾತ್ ಅಧ್ಯಾಯದಲ್ಲಿ ನಮಗೇ ಬಂದಿದೆ. ಕಿವಿ, ಕಣ್ಣು, ಹೃದಯಗಳ ಬಗ್ಗೆ ವಿಚಾರಣೆಯಿದೆ ಎಂಬ ಎಚ್ಚರಿಕೆ ಬನೀ ಇಸ್ರಾಈಲ್ ಅಧ್ಯಾಯದಲ್ಲಿದೆ. ಕೇಳಿದ್ದನ್ನೆಲ್ಲಾ ಹರಡುತ್ತಾ ಹೋಗುವವನನ್ನು ಹದೀಸ್ ಸುಳ್ಳುಗಾರರ ಸಾಲಿಗೇ ಸೇರಿಸುತ್ತದೆ. ಒಂದು ಗ್ಯಾಲಕ್ಸಿಯ ಬೆಳಕಿನ ಬಗ್ಗೆ ಮಾತನಾಡಲು ವಿಜ್ಞಾನಿ ಎರಡು ವರ್ಷ ಕಾಯುತ್ತಾನೆ. ಅಲ್ಲಾಹನ ವಚನದ ಬಗ್ಗೆ ಮಾತನಾಡಲು ನಾವು ಎರಡು ನಿಮಿಷವೂ ಕಾಯುವುದಿಲ್ಲ!

ನಮ್ಮ ಪೂರ್ವಿಕರು ಹೀಗಿರಲಿಲ್ಲ. ಇಸ್ಫಹಾನಿನ ಅಬ್ದುರ್‌ರಹ್ಮಾನ್ ಅಸ್ಸೂಫಿ ಕ್ರಿ.ಶ. 964ರ ಸುಮಾರಿಗೆ ಬರೆದ ನಕ್ಷತ್ರಗಳ ಗ್ರಂಥದಲ್ಲಿ ಆಂಡ್ರೋಮಿಡಾ ರಾಶಿಯ ಬಳಿಯಿರುವ ಒಂದು ಮಸುಕು ಕಲೆಯನ್ನು ಪುಟ್ಟ ಮೋಡವೆಂದು ದಾಖಲಿಸಿದರು. ಅದೇನೆಂದು ಅವರಿಗೆ ತಿಳಿದಿರಲಿಲ್ಲ, ತಿಳಿದಿದೆಯೆಂದು ಅವರು ಹೇಳಿಕೊಳ್ಳಲೂ ಇಲ್ಲ. ಕಂಡಷ್ಟನ್ನೇ ಬರೆದರು. ಅದು ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಇನ್ನೊಂದು ಗ್ಯಾಲಕ್ಸಿ ಎಂಬುದು ಇಪ್ಪತ್ತನೆಯ ಶತಮಾನದಲ್ಲಿ ಸ್ಥಿರಪಟ್ಟಿತು. ಸಾವಿರ ವರ್ಷಗಳ ಬಳಿಕವೂ ಅಸ್ಸೂಫಿಯವರ ಆ ಒಂದು ಸಾಲಿಗೆ ಬೆಲೆಯಿದೆ. ಅದು ಪ್ರಾಮಾಣಿಕವಾದ ಸಾಲಾಗಿದ್ದುದೇ ಇದಕ್ಕೆ ಕಾರಣ.

ದೃಷ್ಟಾಂತವೂ ಪುರಾವೆಯೂ

ಹಾಗಾದರೆ ಈ ದೂರದರ್ಶಕಗಳಿಗೂ ನಮ್ಮ ವಿಶ್ವಾಸಕ್ಕೂ ಸಂಬಂಧವೇ ಇಲ್ಲವೇ? ಖಂಡಿತ ಇದೆ. ಕುರ್‌ಆನ್ ಆಕಾಶವನ್ನು ದೃಷ್ಟಾಂತವೆಂದು ಕರೆಯುತ್ತದೆ. ದೃಷ್ಟಾಂತವು ವಾದದಲ್ಲಿ ಎದುರಾಳಿಯನ್ನು ಮಣಿಸುವ ಆಯುಧವಲ್ಲ. ಅದು ನಿದ್ರಿಸುವ ಹೃದಯವನ್ನು ಎಚ್ಚರಿಸುವ ಕರೆ. ಒಂಟೆ ಕಾಯುತ್ತಾ ಮರುಭೂಮಿಯಲ್ಲಿ ಮಲಗಿದ್ದ ನಿರಕ್ಷರಿ ಬದುವಿಗೂ ಆ ಕರೆ ಪೂರ್ತಿಯಾಗಿ ಕೇಳಿಸಿತ್ತು. ಅವನ ಬಳಿ ಹಬಲ್ ಇರಲಿಲ್ಲ. ಕುರ್‌ಆನ್‌ನ ಸತ್ಯ ತಿಳಿಯಲು ದೂರದರ್ಶಕ ಅನಿವಾರ್ಯವೆಂದಾದರೆ, ಅದಕ್ಕೆ ಮುಂಚೆ ಬದುಕಿ ಮರಣ ಹೊಂದಿದ ಕೋಟ್ಯಂತರ ವಿಶ್ವಾಸಿಗಳ ಗತಿಯೇನು? ದೂರದರ್ಶಕ ಹೊಸ ಪುರಾವೆಯನ್ನು ತಂದಿಲ್ಲ. ಹಳೆಯ ಕರೆಯನ್ನೇ ಇನ್ನಷ್ಟು ದೊಡ್ಡ ದನಿಯಲ್ಲಿ ಕೇಳಿಸಿದೆ.

ಅತ್ತ, ಇಷ್ಟು ದೂರ ನೋಡಿದರೂ ದೇವನು ಕಾಣಲಿಲ್ಲ ಎನ್ನುವವರದೂ ಇದೇ ತಪ್ಪಿನ ಇನ್ನೊಂದು ಮುಖ. ದೂರದರ್ಶಕ ಅಳೆಯುವುದು ಬೆಳಕನ್ನು. ಬೆಳಕು ಏಕೆ ಇದೆ, ಅದನ್ನು ನೋಡುವ ನಾನು ಏಕೆ ಇದ್ದೇನೆ, ನನ್ನ ಕರ್ಮಗಳಿಗೆ ನಾನು ಯಾರಿಗೆ ಉತ್ತರ ಕೊಡಬೇಕು ಎಂಬ ಪ್ರಶ್ನೆಗಳನ್ನು ಯಾವ ಕನ್ನಡಿಯೂ ಹಿಡಿಯಲಾರದು.

ಈ ಅಪಾರ ವಿಶ್ವದಲ್ಲಿ ಭೂಮಿ ಒಂದು ಧೂಳಿನ ಕಣವೂ ಅಲ್ಲ. ಆಕಾಶ ಭೂಮಿಗಳ ಸೃಷ್ಟಿ ಮನುಷ್ಯ ಸೃಷ್ಟಿಗಿಂತ ಹಿರಿದೆಂದು ಕುರ್‌ಆನ್ ಹಿಂದೆಯೇ ತಿಳಿಸಿದೆ. ಆದುದರಿಂದ ವಿಶ್ವಾಸಿಗೆ ಈ ಕಿರಿತನ ಹೊಸ ಸುದ್ದಿಯಲ್ಲ. ಮನುಷ್ಯನ ಗೌರವ ಅವನ ಗಾತ್ರದಲ್ಲಿಲ್ಲ, ಅವನಿಗೆ ವಹಿಸಲಾದ ಅಮಾನತ್ತಿನಲ್ಲಿದೆ. ಗ್ಯಾಲಕ್ಸಿ ಸುಳ್ಳು ಹೇಳಲಾರದು. ಮನುಷ್ಯ ಹೇಳಬಲ್ಲ. ಹೇಳಬಲ್ಲವನಾಗಿದ್ದೂ ಹೇಳದಿರುವುದರಲ್ಲಿಯೇ ಅವನ ಶ್ರೇಷ್ಠತೆಯಿದೆ.

ನಮ್ಮ ಮನೆಗಳಲ್ಲಿ

ಇದು ವಿದ್ವಾಂಸರ ಚರ್ಚೆಗೆ ಮಾತ್ರ ಸೇರಿದ ವಿಷಯವಲ್ಲ. ತಾಯಿಯೊಬ್ಬಳು ಚಂದ್ರನಲ್ಲಿ ಅಝಾನ್ ಕೇಳಿಸಿದ ಕಥೆಯನ್ನು ಮಗುವಿಗೆ ಪ್ರೀತಿಯಿಂದ ಹೇಳುತ್ತಾಳೆ. ನಮಾಝ್, ಉಪವಾಸಗಳನ್ನು ಕಲಿಸಿದ ಅದೇ ದನಿಯಲ್ಲಿ ಹೇಳುತ್ತಾಳೆ. ಮಗು ಎರಡನ್ನೂ ಒಂದೇ ಬುಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ. ಮುಂದೆ ಕಾಲೇಜಿಗೆ ಹೋದಾಗ ಆ ಕಥೆ ಸುಳ್ಳೆಂದು ಅವನಿಗೆ ತಿಳಿಯುತ್ತದೆ. ಆಗ ಅವನು ಕಥೆಯನ್ನಷ್ಟೇ ಎಸೆಯುತ್ತಾನೋ, ಬುಟ್ಟಿಯನ್ನೇ ಎಸೆಯುತ್ತಾನೋ? ಬುಟ್ಟಿಯನ್ನೇ ಎಸೆದರೆ ಅದರ ಹೊಣೆಯಲ್ಲಿ ನಮಗೂ ಒಂದು ಪಾಲಿಲ್ಲವೇ?

ಆದುದರಿಂದ ಮಕ್ಕಳನ್ನು ರಾತ್ರಿ ಅಂಗಳಕ್ಕೆ ಕರೆದೊಯ್ದು ಆಕಾಶವನ್ನು ತೋರಿಸಿರಿ. ದೂರದರ್ಶಕಗಳು ತೆಗೆದ ಚಿತ್ರಗಳನ್ನೂ ತೋರಿಸಿರಿ. ಅವರು ಕೇಳುವ ಪ್ರಶ್ನೆಗೆ ಉತ್ತರ ತಿಳಿದಿಲ್ಲವಾದರೆ, ತಿಳಿದಿಲ್ಲ ಮಗು, ಅಲ್ಲಾಹನೇ ಬಲ್ಲ, ನೀನು ಓದಿ ಕಂಡುಹಿಡಿ ಎನ್ನಿರಿ. ನಮ್ಮ ಹಿರಿಯ ವಿದ್ವಾಂಸರು ತಮ್ಮ ಗ್ರಂಥಗಳಲ್ಲಿ ಅಲ್ಲಾಹು ಅಅ್‌ಲಮ್ ಎಂದು ಬರೆಯುತ್ತಿದ್ದುದು ಅಲಂಕಾರಕ್ಕಲ್ಲ. ಮೊಬೈಲಿಗೆ ಒಂದು ಅದ್ಭುತ ಸುದ್ದಿ ಬಂದಾಗ, ಅದು ನಮ್ಮ ಧರ್ಮವನ್ನು ಎಷ್ಟೇ ಹೊಗಳುತ್ತಿದ್ದರೂ, ಮುಂದಕ್ಕೆ ಕಳಿಸುವ ಮೊದಲು ಬೆರಳನ್ನು ತಡೆಯಿರಿ. ನಮ್ಮನ್ನು ಹೊಗಳುವ ಸುದ್ದಿಯನ್ನೇ ಹೆಚ್ಚು ಪರಿಶೀಲಿಸಬೇಕು. ಯಾಕೆಂದರೆ ನಾವು ಮೋಸಹೋಗುವುದು ಅಲ್ಲಿಯೇ.

ಕಾಣುವ ಕಣ್ಣನ್ನೂ, ಕಂಡಷ್ಟನ್ನೇ ಹೇಳುವ ನಾಲಿಗೆಯನ್ನೂ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.